ಗೇಟಿನಿಂದ ಕುರ್ಚಿಯವರೆಗೆ

ನನ್ನ ಸೋದರಮಾವ ಮೊದಲ ಸಲ ಕುಡಿತ ಬಿಡುವವರ ಸಭೆಗೆ ಹೊರಟಾಗ ಶಾಲೆಯ ಗೇಟಿನ ತನಕ ಹೋಗಿ ವಾಪಸು ಬಂದರು. ಎರಡನೆಯ ಸಲವೂ ಅಷ್ಟೆ. ಮಂಗಳವಾರ ಸಂಜೆ ಏಳಕ್ಕೆ ಸಭೆ, ಜಾಗ ಏಳನೆಯ ತರಗತಿಯ ಕೋಣೆ, ಫೀಸಿಲ್ಲ, ಹೆಸರು ಬರೆಸಬೇಕಿಲ್ಲ. ಈ ವಿವರವೆಲ್ಲ ಆಸ್ಪತ್ರೆಯಲ್ಲಿ ಬರೆದುಕೊಟ್ಟ ಚೀಟಿಯಲ್ಲಿತ್ತು, ಚೀಟಿ ಅಂಗಿಯ ಜೇಬಿನಲ್ಲಿತ್ತು. ಗೇಟಿನಿಂದ ಮೂವತ್ತು ಹೆಜ್ಜೆಯಾಚೆ ಕೋಣೆಯ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಆ ಮೂವತ್ತು ಹೆಜ್ಜೆ ಹಾಕಲು ಅವರಿಂದ ಆಗಲಿಲ್ಲ.

"ಒಳಗೆ ಗುರುತಿನೋರು ಯಾರಾದ್ರೂ ಇದ್ದುಬಿಟ್ರೆ?" ಎಂದರು ಮನೆಗೆ ಬಂದ ಮೇಲೆ. ನಾನು ಅದನ್ನು ನೆಪ ಎಂದುಕೊಂಡೆ. "ಬಾರಿಗೆ ಹೋಗುವಾಗ ಗುರುತಿನೋರು ಕಾಣಲಿಲ್ವಾ ಮಾವ?" ಎಂದು ಕೇಳಿಯೂಬಿಟ್ಟೆ. ಅವರು ಉತ್ತರ ಕೊಡದೆ ಕೋಣೆಗೆ ಹೋಗಿ ಮಲಗಿದರು. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿದ್ದರೆ ಎಂದು ಇವತ್ತಿಗೂ ಅನಿಸುತ್ತದೆ. ಅವರ ಹಿಂಜರಿಕೆ ನೆಪವಾಗಿರಲಿಲ್ಲ. ವ್ಯಸನದ ವಿಜ್ಞಾನವನ್ನು ಓದುತ್ತಾ ಹೋದಂತೆ, ಚಿಕಿತ್ಸೆಯ ಅತ್ಯಂತ ಕಠಿಣ ಭಾಗ ಆ ಮೂವತ್ತು ಹೆಜ್ಜೆಯೇ ಎಂದು ನನಗೆ ಮನವರಿಕೆಯಾಗಿದೆ. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಈ ಬಗೆಯ ಸಭೆಗಳ ಇತಿಹಾಸ ಶುರುವಾದದ್ದೂ ಒಲ್ಲದ ಮನಸ್ಸಿನಿಂದ ಬಂದ ಒಬ್ಬರಿಂದಲೇ. 1935ರ ಮೇ ತಿಂಗಳು, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್, ರಬ್ಬರ್ ಟೈರುಗಳ ಊರು. ನ್ಯೂಯಾರ್ಕಿನ ಷೇರುಪೇಟೆಯಲ್ಲಿ ಒಂದು ಕಾಲಕ್ಕೆ ಚೆನ್ನಾಗಿ ಗಳಿಸಿ, ಕುಡಿತದಲ್ಲಿ ಎಲ್ಲವನ್ನೂ ಕಳೆದುಕೊಂಡಿದ್ದ ಬಿಲ್ ವಿಲ್ಸನ್ ಎಂಬಾತ ಯಾವುದೋ ಕಂಪನಿಯ ವ್ಯವಹಾರಕ್ಕೆ ಅಲ್ಲಿಗೆ ಬಂದಿದ್ದ. ಅದೂ ಕೈಗೂಡಲಿಲ್ಲ. ಅವನು ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಶನಿವಾರ, ಪರವೂರು, ಜೇಬು ಬರಿದು. ತಂಗಿದ್ದ ಮೇಫ್ಲವರ್ ಹೋಟೆಲಿನ ಹಜಾರದ ಒಂದು ಕಡೆಯ ಬಾರಿನಿಂದ ಜನರ ಸದ್ದು ಕೇಳುತ್ತಿತ್ತು. ಇನ್ನೊಂದು ಕಡೆ ಟೆಲಿಫೋನು, ಅದರ ಬಳಿ ಊರಿನ ಚರ್ಚುಗಳ ಪಟ್ಟಿ.

ನ್ಯೂಯಾರ್ಕಿನಲ್ಲಿ ಆ ಐದು ತಿಂಗಳು ಅವನು ಕುಡುಕರನ್ನು ಹುಡುಕಿಕೊಂಡು ಹೋಗಿ ಬುದ್ಧಿ ಹೇಳಿದ್ದ. ಅವರಲ್ಲಿ ಒಬ್ಬರೂ ಬಿಟ್ಟಿರಲಿಲ್ಲ. ಆದರೆ ಹಾಗೆ ಹೇಳುತ್ತಾ ತಿರುಗಿದ ಅವನು ಮಾತ್ರ ಕುಡಿಯದೆ ಉಳಿದಿದ್ದ. ಹಜಾರದಲ್ಲಿ ನಿಂತಾಗ ಅವನಿಗೆ ಹೊಳೆದದ್ದು ಇದೇ: ತಾನು ಉಳಿಯಬೇಕಾದರೆ ಮಾತಾಡಲು ಇನ್ನೊಬ್ಬ ಕುಡುಕ ಬೇಕು. ಪಟ್ಟಿ ಹಿಡಿದು ಫೋನು ಮಾಡಿದ. ಒಬ್ಬರಿಂದ ಒಬ್ಬರಿಗೆ ಹೋಗಿ ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆ ಸಿಕ್ಕರು. ಗುಡ್‌ಇಯರ್ ಟೈರ್ ಕಂಪನಿ ಕಟ್ಟಿದ ಮನೆತನದ ಸೊಸೆ. ಆ ಮನೆತನದ ದೊಡ್ಡ ಎಸ್ಟೇಟಿನ ಗೇಟಿನ ಬಳಿಯ ಮನೆಯಲ್ಲಿ ಅವರ ವಾಸ. ತಮಗೆ ಗೊತ್ತಿದ್ದ ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರಿಗೆ ಹೇಳಿ ಕಳಿಸಿದರು. ಆ ದಿನ ಡಾಕ್ಟರು ಎದ್ದು ಬರುವ ಸ್ಥಿತಿಯಲ್ಲಿರಲಿಲ್ಲ.

ಮರುದಿನ, ಭಾನುವಾರ ಸಂಜೆ ಐದಕ್ಕೆ, ಹೆಂಡತಿ ಆ್ಯನ್ ಜೊತೆ ಬಂದರು. ಕೈ ನಡುಗುತ್ತಿತ್ತು. ಹದಿನೈದು ನಿಮಿಷ ಮಾತ್ರ ಕೂರುತ್ತೇನೆ ಎಂದು ಮೊದಲೇ ಷರತ್ತು ಹಾಕಿದ್ದರು. ಎದ್ದು ಹೊರಟಾಗ ರಾತ್ರಿ ಹನ್ನೊಂದು ದಾಟಿತ್ತು. ಬಿಲ್ ಉಪದೇಶ ಮಾಡಲಿಲ್ಲ. ತಾನು ಎಲ್ಲಿ ಬಚ್ಚಿಟ್ಟು ಕುಡಿದೆ, ಯಾರಿಗೆಲ್ಲ ಸುಳ್ಳು ಹೇಳಿದೆ, ಬೆಳಗ್ಗೆ ಎದ್ದಾಗ ಹೇಗನಿಸುತ್ತಿತ್ತು ಎಂದು ತನ್ನ ಕಥೆ ಹೇಳಿದ. ಡಾಕ್ಟರ್ ಬಾಬ್ ಕುಡಿತದ ಬಗ್ಗೆ ಸಾಕಷ್ಟು ಓದಿಕೊಂಡಿದ್ದರು, ಎಷ್ಟೋ ಜನರಿಂದ ಬುದ್ಧಿಮಾತು ಕೇಳಿದ್ದರು. ಅನುಭವಿಸಿ ಮಾತಾಡುವವನನ್ನು ಕಂಡದ್ದು ಅದೇ ಮೊದಲು.

ಅವರು ಆ ರಾತ್ರಿಯೇ ಗುಣವಾಗಿಬಿಡಲಿಲ್ಲ ಎನ್ನುವುದು ನನಗೆ ಮುಖ್ಯ. ಕೆಲವೇ ವಾರಗಳಲ್ಲಿ ಅಟ್ಲಾಂಟಿಕ್ ಸಿಟಿಯ ವೈದ್ಯಕೀಯ ಸಮ್ಮೇಳನಕ್ಕೆ ಹೋಗಿ ಚೆನ್ನಾಗಿ ಕುಡಿದು ಬಂದರು. ವಾಪಸಾದ ಮೇಲೆ ಒಂದು ಶಸ್ತ್ರಚಿಕಿತ್ಸೆ ಮಾಡಬೇಕಿತ್ತು, ಕೈ ನಿಲ್ಲುತ್ತಿರಲಿಲ್ಲ. ಆ ಬೆಳಗ್ಗೆ ಕೈ ಸ್ಥಿರವಾಗಲೆಂದು ಬಿಲ್ ವಿಲ್ಸನ್ ಅವರಿಗೆ ಒಂದು ಬಾಟಲಿ ಬಿಯರ್ ಕೊಟ್ಟ. ಅದೇ ಅವರ ಕೊನೆಯ ಕುಡಿತ. ಆ ದಿನವನ್ನು, 1935ರ ಜೂನ್ 10ನ್ನು, 'ಆಲ್ಕೊಹಾಲಿಕ್ಸ್ ಅನಾನಿಮಸ್' ತನ್ನ ಹುಟ್ಟಿದ ದಿನವೆಂದು ಆಚರಿಸುತ್ತದೆ. ನಮ್ಮಲ್ಲಿ ಎಲ್ಲರೂ 'ಎಎ' ಎನ್ನುವ ಸಂಘ ಇದೇ. ಭಾರತಕ್ಕೆ ಅದು ಬಂದದ್ದು 1957ರಲ್ಲಿ, ಮುಂಬಯಿಗೆ.

ನಡುಗುವ ಕೈಯನ್ನು ನಿಲ್ಲಿಸಿದ ಆ ಬಿಯರ್ ಬಾಟಲಿಯ ಹತ್ತಿರ ಸ್ವಲ್ಪ ನಿಲ್ಲೋಣ. ಕುಡಿತ ಬಿಡಬೇಕೆಂದಿರುವ ಪ್ರತಿ ಮನೆಯೂ ಇದನ್ನು ತಿಳಿದಿರಬೇಕು.

ಮಿದುಳಿನಲ್ಲಿ ನರಕೋಶಗಳನ್ನು ಶಾಂತಗೊಳಿಸುವ ರಾಸಾಯನಿಕದ ಹೆಸರು ಗಾಬಾ, ಕೆರಳಿಸುವುದರ ಹೆಸರು ಗ್ಲುಟಮೇಟ್. ಮದ್ಯ ಗಾಬಾದ ಕೆಲಸಕ್ಕೆ ಬಲ ಕೊಡುತ್ತದೆ, ಗ್ಲುಟಮೇಟಿನ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ಅದಕ್ಕೇ ಎರಡು ಪೆಗ್‌ಗೆ ಮೈಮನಸ್ಸು ಸಡಿಲವಾಗುವುದು. ದಿನವೂ ಕುಡಿದರೆ ಮಿದುಳು ಸುಮ್ಮನಿರುವುದಿಲ್ಲ. ಹಗ್ಗಜಗ್ಗಾಟದಲ್ಲಿ ಆ ಕಡೆಯವರು ಎಳೆದಷ್ಟೂ ಈ ಕಡೆಯವರು ಕಾಲೂರಿ ಎಳೆಯುವ ಹಾಗೆ, ಗಾಬಾಕ್ಕೆ ಸ್ಪಂದಿಸುವುದನ್ನು ಕಡಿಮೆ ಮಾಡಿ ಗ್ಲುಟಮೇಟಿಗೆ ಸ್ಪಂದಿಸುವುದನ್ನು ಹೆಚ್ಚಿಸುತ್ತದೆ. ಈಗ ಆ ಕಡೆಯವರು ಹಗ್ಗವನ್ನು ಥಟ್ಟನೆ ಬಿಟ್ಟರೆ? ಕುಡಿತ ನಿಂತ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ಎದೆಬಡಿತ, ನಿದ್ದೆಗೇಡು. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ: ಇಲ್ಲದ್ದು ಕಾಣುವುದು, ಇದ್ದವರ ಗುರುತು ಸಿಗದಿರುವುದು. ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಗಿ ಮದ್ಯದಂಗಡಿಗಳೆಲ್ಲ ಒಮ್ಮೆಲೇ ಮುಚ್ಚಿದಾಗ ಹೀಗೆ ತೀವ್ರ ತೊಂದರೆಯಲ್ಲಿ ಬೆಂಗಳೂರಿನ ಆಸ್ಪತ್ರೆಗಳಿಗೆ ಬಂದವರ ಸಂಖ್ಯೆ ಏರಿದ್ದನ್ನು ನಿಮ್ಹಾನ್ಸ್ ವೈದ್ಯರು ದಾಖಲಿಸಿದ್ದಾರೆ. ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ 'ಎರಡು ದಿನ ಸಿಗದಿದ್ದರೆ ತಾನೇ ಬಿಡುತ್ತಾನೆ' ಎನ್ನುವ ಮನೆಯವರು ಒಳ್ಳೆಯದನ್ನೇ ಬಯಸಿರುತ್ತಾರೆ, ಆದರೆ ಮಾಡುವುದು ಅಪಾಯದ ಕೆಲಸ. ಬೆಳಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಡುಗುವವರಿಗೆ ಮೊದಲು ಬೇಕಾದದ್ದು ಆಸ್ಪತ್ರೆ. ಅಲ್ಲಿ ಹಗ್ಗವನ್ನು ಸ್ವಲ್ಪಸ್ವಲ್ಪವಾಗಿ ಬಿಡುವ ಮಾತ್ರೆಗಳಿವೆ, ಕುಡಿತ ಬರಿದು ಮಾಡಿದ ಥಯಮಿನ್ ಅಂದರೆ ಬಿ-1 ಜೀವಸತ್ವದ ಚುಚ್ಚುಮದ್ದಿದೆ. ಸಭೆ ಆಮೇಲಿನ ಮಾತು.

ಇನ್ನೊಂದು ಎಚ್ಚರಿಕೆ. ಕುಡಿಯುವವರಿಗೆ ತಿಳಿಯದಂತೆ ಕಾಫಿಗೋ ಸಾರಿಗೋ ಬೆರೆಸಿ ಕೊಡಿ ಎಂದು ಕೆಲವರು ಮಾತ್ರೆ, ಪುಡಿ ಕೊಡುತ್ತಾರೆ. ಇಂಥವುಗಳಲ್ಲಿ ಡೈಸಲ್ಫಿರಾಮ್ ಇರಬಹುದು. ಮದ್ಯ ದೇಹದಲ್ಲಿ ಒಡೆದು ಅಸಿಟಾಲ್ಡಿಹೈಡ್ ಎಂಬ ನಂಜಾಗುತ್ತದೆ, ಆ ನಂಜನ್ನು ಮುಂದೆ ಕರಗಿಸುವ ಕಿಣ್ವವನ್ನು ಈ ಔಷಧ ಕಟ್ಟಿಹಾಕುತ್ತದೆ. ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ವೈದ್ಯರ ನಿಗಾದಲ್ಲಿ, ತಾನೇ ಒಪ್ಪಿ ತೆಗೆದುಕೊಂಡವರಿಗೆ ಇದು ಒಳ್ಳೆಯ ಕಾವಲು. ಗೊತ್ತಿಲ್ಲದೆ ತಿಂದು ಮೇಲೆ ಕುಡಿದವರ ಪ್ರಾಣಕ್ಕೆ ಸಂಚಕಾರ. ದಯವಿಟ್ಟು ಹಾಗೆ ಮಾಡಬೇಡಿ.

ಆಸ್ಪತ್ರೆಯಲ್ಲಿ ಹತ್ತು ದಿನವೋ ಹದಿನೈದು ದಿನವೋ ಇದ್ದು ನಡುಕ ನಿಂತು ಮನೆಗೆ ಬಂದವರು ಮತ್ತೆ ಯಾಕೆ ಕುಡಿಯುತ್ತಾರೆ? ಹುಟ್ಟುಗುಣ ಸುಟ್ಟರೂ ಹೋಗದು ಎಂದು ನೆಂಟರು ಹೇಳುವುದು ಈ ಹಂತದಲ್ಲೇ. ಗುಣದ ಮಾತು ಬಿಟ್ಟು ಮಿದುಳು ಕಲಿತ ಪಾಠವನ್ನು ನೋಡಬೇಕು. ವುಲ್ಫ್ರಾಮ್ ಷುಲ್ಟ್ಜ್ ಎಂಬ ನರವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ಡೋಪಮಿನ್ ಕೋಶಗಳನ್ನು ಗಮನಿಸಿದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಆ ಕೋಶಗಳು ಮಿಡಿದವು. ರಸಕ್ಕೆ ಮುಂಚೆ ಪ್ರತಿ ಸಲ ಒಂದು ದೀಪ ಹತ್ತಿಸುತ್ತಾ ಹೋದಾಗ ಮಿಡಿತ ದೀಪಕ್ಕೆ ವರ್ಗವಾಯಿತು. ಕುಡಿಯುವವರ ಮಿದುಳಿಗೆ ಆ ದೀಪ ಯಾವುದು? ಆಫೀಸು ಬಿಡುವ ಹೊತ್ತು, ವೈನ್ ಶಾಪಿನ ತಿರುವು, ಉಪ್ಪು-ಖಾರ ಸವರಿದ ಕಡಲೆಬೀಜದ ವಾಸನೆ, ಸಂಬಳದ ಮೆಸೇಜು, 'ಎಲ್ಲಿದ್ದೀಯೋ' ಎಂಬ ಗೆಳೆಯನ ಫೋನು. ಹನಿಯೂ ನಾಲಿಗೆಗೆ ತಾಗುವ ಮುಂಚೆಯೇ ಹಪಾಹಪಿ ಶುರು. ಮಾವನಿಗೆ ಸಂಜೆ ಆರೂವರೆಯಿಂದ ಎಂಟರ ತನಕದ ಹೊತ್ತು ಬೆಟ್ಟದಷ್ಟು ಭಾರವಾಗಿರುತ್ತಿತ್ತು. ಈ ಸಭೆಗಳಲ್ಲಿ ಬಹುಪಾಲು ಸಂಜೆಯೇ ನಡೆಯುವುದು ಎಷ್ಟು ಅರ್ಥಪೂರ್ಣ ಎಂದು ನನಗೆ ತಿಳಿದದ್ದು ಅವರು ಗಡಿಯಾರ ನೋಡುವುದನ್ನು ನೋಡಿಯೇ.

ಜೊತೆಗೆ, ನಾಳೆ ಎಂಬುದು ಸಣ್ಣದಾಗಿರುತ್ತದೆ. ಇವತ್ತು ಸ್ವಲ್ಪ ಹಣ ಬೇಕೋ, ಕೆಲವು ತಿಂಗಳ ಮೇಲೆ ಜಾಸ್ತಿ ಹಣ ಬೇಕೋ ಎಂದು ಕೇಳಿದರೆ ವ್ಯಸನ ಇರುವವರು ಬೇರೆಯವರಿಗಿಂತ ಹೆಚ್ಚಾಗಿ ಇವತ್ತಿನದ್ದನ್ನೇ ಆರಿಸುತ್ತಾರೆ. ಸಂಶೋಧಕ ವಾರೆನ್ ಬಿಕಲ್ ಮತ್ತು ಇತರರು ಇದನ್ನು ಮತ್ತೆ ಮತ್ತೆ ಅಳೆದು ತೋರಿಸಿದ್ದಾರೆ. ಇಂಥ ಮಿದುಳಿಗೆ 'ಇನ್ನು ಜೀವಮಾನದಲ್ಲಿ ಮುಟ್ಟುವುದಿಲ್ಲ' ಎಂಬ ಆಣೆ ಹಿಡಿತಕ್ಕೆ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಮಾವನಿಂದ ಎಷ್ಟು ಆಣೆ ಮಾಡಿಸಿರಲಿಲ್ಲ! ಮಂಜುನಾಥನ ಮೇಲೆ, ಅಜ್ಜಿಯ ಮೇಲೆ, ಮಗಳ ತಲೆ ಮುಟ್ಟಿಸಿ. ಪ್ರತಿ ಆಣೆಯನ್ನೂ ಅವರು ನಿಜವಾದ ಮನಸ್ಸಿನಿಂದಲೇ ಮಾಡಿದ್ದರು, ಪ್ರತಿಯೊಂದೂ ಸ್ಮಶಾನ ವೈರಾಗ್ಯವಾಗಿ ಕರಗಿತ್ತು. ಎಎ ಸಭೆಯಲ್ಲಿ ಜೀವಮಾನದ ಲೆಕ್ಕ ಕೇಳುವುದಿಲ್ಲ. ಇವತ್ತು ಒಂದು ದಿನ, ಇಪ್ಪತ್ನಾಲ್ಕು ಗಂಟೆ ಕುಡಿಯುವುದು ಬೇಡ. ನಾಳೆಯದು ನಾಳೆಗೆ. ಬಿಕಲ್ ಹುಟ್ಟುವುದಕ್ಕೆ ಎಷ್ಟೋ ಮೊದಲು ಕುಡಿತ ಬಿಟ್ಟವರು ಅನುಭವದಿಂದಲೇ ಈ ಅಳತೆಯನ್ನು ಕಂಡುಕೊಂಡಿದ್ದರು.

ಮತ್ತೆ ಗೇಟಿಗೆ ಬರೋಣ. 1981ರಲ್ಲಿ ಸಿಸನ್ ಮತ್ತು ಮಲ್ಲಮ್ಸ್ ಎಂಬಿಬ್ಬರು ಒಂದು ಪುಟ್ಟ ಪ್ರಯೋಗ ಪ್ರಕಟಿಸಿದರು. ಚಿಕಿತ್ಸೆಯಲ್ಲಿದ್ದ 20 ಜನರಲ್ಲಿ ಅರ್ಧ ಮಂದಿಗೆ ಎಎ ಸಭೆಯ ಜಾಗ, ಸಮಯ ಹೇಳಿ, ಹೋಗಿ ಎಂದು ಪ್ರೋತ್ಸಾಹಿಸಲಾಯಿತು. ಇನ್ನರ್ಧ ಮಂದಿಗೆ ಅಲ್ಲೇ ಕೂತಿದ್ದಾಗ ಸಂಘದ ಸದಸ್ಯರೊಬ್ಬರಿಗೆ ಫೋನು ಹಚ್ಚಿಕೊಟ್ಟರು. ಆ ಸದಸ್ಯರೇ ಅವರ ಜೊತೆ ಮಾತಾಡಿ, ಮೊದಲ ಸಭೆಗೆ ಜೊತೆಯಲ್ಲಿ ಕರೆದೊಯ್ಯಲು ಒಪ್ಪಿಕೊಂಡರು. ಎರಡನೆಯ ಗುಂಪಿನ ಎಲ್ಲರೂ ಸಭೆಗೆ ಹೋದರು. ಮೊದಲ ಗುಂಪಿನಿಂದ ಒಬ್ಬರೂ ಹೋಗಲಿಲ್ಲ.

ಇಪ್ಪತ್ತು ಜನರ ಪ್ರಯೋಗ ಚಿಕ್ಕದು, ನಿಜ. ಆದರೆ ಅದನ್ನು ಓದಿದ ದಿನ ನನಗೆ ಮಾವನ ಅಂಗಿಯ ಜೇಬು ನೆನಪಾಯಿತು. ನಾವು ಅವರ ಕೈಗೆ ಕೊಟ್ಟದ್ದು ಚೀಟಿ. ಕೊಡಬೇಕಾಗಿದ್ದದ್ದು ಒಬ್ಬ ಮನುಷ್ಯ.

ಮೂರನೆಯ ಮಂಗಳವಾರ ಆ ಮನುಷ್ಯ ಸಿಕ್ಕಿದರು. ಆಸ್ಪತ್ರೆಗೆ ಮತ್ತೆ ಹೋದಾಗ ಅಲ್ಲಿನ ಸಮಾಜ ಕಾರ್ಯಕರ್ತೆ ನಮ್ಮೆದುರೇ ಒಬ್ಬರಿಗೆ ಫೋನು ಮಾಡಿ ಮಾವನ ಕೈಗೆ ಕೊಟ್ಟರು. ಆ ಕಡೆಯವರು ಏನು ಹೇಳಿದರೋ ಗೊತ್ತಿಲ್ಲ, ಮಾವ "ಹೂಂ... ಹೂಂ... ಬೆಳಗ್ಗೆ ಹೊತ್ತೇ ಜಾಸ್ತಿ" ಎಂದಷ್ಟೇ ಅನ್ನುತ್ತಿದ್ದರು. ಸಂಜೆ ಆರೂವರೆಗೆ ಮನೆ ಮುಂದೆ ಆ ಫೋನಿನವರ ಹಳೆಯ ಸ್ಕೂಟರು ಬಂದು ನಿಂತಿತು.

ಅಂಥ ಸಭೆಯಲ್ಲಿ ಏನು ನಡೆಯುತ್ತದೆ? ವ್ಯಸನಿಗಳಲ್ಲದವರೂ ಕೂರಬಹುದಾದ ಸಭೆಗಳಿಗೆ ಓಪನ್ ಮೀಟಿಂಗ್ ಎನ್ನುತ್ತಾರೆ, ಅಂಥ ಒಂದಕ್ಕೆ ಮುಂದೆ ನಾನೂ ಹೋದೆ. ಅಲ್ಲಿ ಯಾರು ಏನು ಹೇಳಿದರು ಎಂಬುದನ್ನು ಬರೆಯುವುದಿಲ್ಲ. ಕೇಳಿದ್ದನ್ನು ಅಲ್ಲೇ ಬಿಟ್ಟು ಬರಬೇಕು ಎಂಬುದು ಅಲ್ಲಿಗೆ ಕಾಲಿಟ್ಟವರೆಲ್ಲರ ಕರಾರು. ಕಂಡದ್ದನ್ನು ಹೇಳಬಹುದು. ಮಕ್ಕಳ ಬೆಂಚುಗಳನ್ನು ಗೋಡೆಗೆ ಸರಿಸಿ, ಮಡಚುವ ಕುರ್ಚಿಗಳನ್ನು ಸುತ್ತಲೂ ಹಾಕಿದ್ದರು. ಕರಿಹಲಗೆಯ ಮೇಲೆ ಹಗಲಿನ ಭಿನ್ನರಾಶಿ ಲೆಕ್ಕ ಹಾಗೆಯೇ ಇತ್ತು. ಫ್ಲಾಸ್ಕಿನಲ್ಲಿ ಟೀ, ಸ್ಟೀಲು ಡಬ್ಬಿಯಲ್ಲಿ ಬಿಸ್ಕತ್ತು. ಒಬ್ಬರು ಸಭೆ ನಡೆಸಿದರು, ಆದರೆ ಅವರು ಅಧ್ಯಕ್ಷರಲ್ಲ. ಮುಂದಿನ ಸಲ ಬೇರೊಬ್ಬರು. ಮಾತಾಡುವವರು ಹೆಸರು ಹೇಳಿ, ತಾನೊಬ್ಬ ಆಲ್ಕೊಹಾಲಿಕ್ ಎಂದು ಶುರುಮಾಡುತ್ತಾರೆ. ಉಳಿದವರು ನಮಸ್ಕಾರ ಹೇಳುತ್ತಾರೆ. ಮಾತಾಡಲು ಮನಸ್ಸಿಲ್ಲದವರು ಸುಮ್ಮನೆ ಕೂರಬಹುದು. ಮೊದಲ ದಿನವೇ ಬಾಯಿಬಿಡಿ ಎಂದು ಯಾರೂ ಒತ್ತಾಯಿಸುವುದಿಲ್ಲ. ಇಷ್ಟು ದಿನ ಕುಡಿಯದೆ ಇದ್ದೇನೆ ಎಂದರೆ ಚಪ್ಪಾಳೆ. ಬಿಟ್ಟು ಒಂದು ವರ್ಷವಾದರೆ ಅದನ್ನು ಬರ್ತ್‌ಡೇ ಎಂದೇ ಕರೆದು ಕೇಕ್ ಕತ್ತರಿಸುತ್ತಾರೆ. ಕೊನೆಗೆ ಬಾಡಿಗೆ, ಟೀ ಖರ್ಚಿಗೆಂದು ಡಬ್ಬಿ ಸುತ್ತುತ್ತದೆ, ಇದ್ದವರು ಹಾಕುತ್ತಾರೆ, ಇಲ್ಲದವರು ಮುಂದಕ್ಕೆ ದಾಟಿಸುತ್ತಾರೆ.

ನನ್ನನ್ನು ಹೆಚ್ಚು ಕಾಡಿದ ಸಂಗತಿ ಬೇರೆ. ಒಬ್ಬರು ಮಾತಾಡಿ ಮುಗಿಸಿದಾಗ ಇನ್ನೊಬ್ಬರು ಸಲಹೆ ಕೊಡುವುದಿಲ್ಲ, ವಾದ ಮಾಡುವುದಿಲ್ಲ, 'ನೀವು ಹಾಗೆ ಮಾಡಬಾರದಿತ್ತು' ಎನ್ನುವುದಿಲ್ಲ. ಕುಡಿಯುವ ಮನುಷ್ಯನಿಗೆ ಮನೆಯಲ್ಲಿ, ಬೀದಿಯಲ್ಲಿ, ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಸಿಕ್ಕಿರುವುದು ಬುದ್ಧಿಮಾತು ಒಂದೇ. ಅದಿಲ್ಲದ ಕೋಣೆಯನ್ನು ಅವರು ನೋಡಿಯೇ ಇರುವುದಿಲ್ಲ.

ಇದರಿಂದ ಗುಣವಾಗುತ್ತದೆಯೇ? ದಶಕಗಳ ಕಾಲ ವಿಜ್ಞಾನಿಗಳಿಗೆ ಇದು ತಲೆನೋವಿನ ಪ್ರಶ್ನೆಯಾಗಿತ್ತು. ಹೆಸರನ್ನೇ ಬರೆದುಕೊಳ್ಳದ ಸಂಘದ ಲೆಕ್ಕ ಇಡುವುದು ಹೇಗೆ? ತಾವಾಗಿ ಬರುವವರಿಗೆ ಬಿಡುವ ಹಟ ಮೊದಲೇ ಇರುತ್ತದೆ, ಶ್ರೇಯಸ್ಸು ಸಭೆಗೆ ಹೇಗೆ ಸಲ್ಲುತ್ತದೆ? 2006ರಲ್ಲಿ, ವೈದ್ಯಕೀಯ ಪುರಾವೆಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆ ಪರಿಣಾಮಕ್ಕೆ ಖಚಿತ ಪುರಾವೆ ಇಲ್ಲ ಎಂದಿತ್ತು. 2020ರಲ್ಲಿ ಜಾನ್ ಕೆಲ್ಲಿ, ಕೀತ್ ಹಂಫ್ರೀಸ್, ಮಾರಿಕಾ ಫೆರ್ರಿ ಹೊಸ ಅಧ್ಯಯನಗಳನ್ನು ಸೇರಿಸಿ ಮತ್ತೆ ತೂಗಿದರು: 27 ಅಧ್ಯಯನ, 10,565 ಜನ. ರೋಗಿಗಳನ್ನು ಎಎಗೆ ಕ್ರಮವಾಗಿ ಜೋಡಿಸಿಕೊಡುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ನಂತರ ಸಂಪೂರ್ಣ ಕುಡಿಯದೆ ಉಳಿದವರು ನೂರಕ್ಕೆ 42. ಮನೋವಿಜ್ಞಾನದಲ್ಲಿ ಒಳ್ಳೆಯ ಹೆಸರಿರುವ ವರ್ತನಾ ಚಿಕಿತ್ಸೆಯಂಥ ಕ್ರಮಗಳಲ್ಲಿ 35. ಕುಡಿತದ ಪ್ರಮಾಣ ತಗ್ಗಿಸುವಂಥ ಬೇರೆ ಅಳತೆಗಳಲ್ಲಿ ಹೆಚ್ಚುಕಡಿಮೆ ಸಮಸಮ.

ಈ ಅಂಕಿಯನ್ನು ಎರಡು ಕಡೆಯಿಂದಲೂ ನೋಡಬೇಕು. ನೂರಕ್ಕೆ 58 ಜನ ಆ ವರ್ಷದಲ್ಲಿ ಒಮ್ಮೆಯಾದರೂ ಕುಡಿದರು. ಡಾಕ್ಟರ್ ಬಾಬ್ ಕೂಡ ಕುಡಿದಿದ್ದರಲ್ಲ. ಜಾರುವುದು ಈ ರೋಗದ ಲಕ್ಷಣ. ಹಾಗೆಯೇ, ಒಂದು ಸಿಗರೇಟಿನಷ್ಟೂ ಖರ್ಚಿಲ್ಲದೆ ಸಿಗುವ ಒಂದು ಕುರ್ಚಿ, ತರಬೇತಿ ಪಡೆದ ತಜ್ಞರ ಚಿಕಿತ್ಸೆಗೆ ಸರಿಸಾಟಿಯಾಗಿ ನಿಲ್ಲುತ್ತದೆ ಎಂಬುದನ್ನು ನಮ್ಮ ದೇಶದ ಸಂದರ್ಭದಲ್ಲಿಟ್ಟು ನೋಡಿ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಅಂಟಿಕೊಂಡವರಲ್ಲಿ ಯಾವುದಾದರೊಂದು ಚಿಕಿತ್ಸೆ ಸಿಗುತ್ತಿರುವುದು 38 ಜನರಲ್ಲಿ ಒಬ್ಬರಿಗೆ. ಉಳಿದ 37 ಮಂದಿಗೆ ಸಾಲುವಷ್ಟು ಮನೋವೈದ್ಯರು ಬೇಗ ಸಿದ್ಧರಾಗುವುದಿಲ್ಲ.

ಯಾಕೆ ಕೆಲಸ ಮಾಡುತ್ತದೆ ಎಂದು ಕೆಲ್ಲಿ ಮತ್ತು ಸಂಗಡಿಗರು ಬಿಡಿಸಿ ನೋಡಿದಾಗ ದೊಡ್ಡ ಪಾಲು ಸಂದದ್ದು ತುಂಬ ಸರಳ ಸಂಗತಿಗೆ: ಸುತ್ತಲಿನ ಜನ ಬದಲಾಗುವುದು. ಕುಡಿಯುವ ಗೆಳೆಯರು ಕಡಿಮೆಯಾಗಿ ಕುಡಿಯದವರು ಹೆಚ್ಚಾಗುತ್ತಾರೆ. ಕುಡಿತ ಬಿಟ್ಟವರಿಗೆ ಇದು ಗೊತ್ತು. ಇಪ್ಪತ್ತು ವರ್ಷ ಸಂಜೆ ಕಳೆದ ಗೆಳೆಯರ ಬಳಗವನ್ನು ಒಂದೇ ದಿನ ಬಿಟ್ಟವರಿಗೆ ಕಾಡುವುದು ಮದ್ಯದಷ್ಟೇ ಒಂಟಿತನ.

ಅಮೆರಿಕದಲ್ಲಿ ಮಾರ್ಕೊ ವೆನ್ನಿರೊ ಮತ್ತು ಸಂಗಡಿಗರು 2018ರಲ್ಲಿ ಇಲಿಗಳಿಗೆ ಎರಡು ಸನ್ನೆಕೋಲು ಕೊಟ್ಟರು. ಒಂದನ್ನು ಒತ್ತಿದರೆ ಮೆಥಾಂಫೆಟಮಿನ್ ಎಂಬ ಕಡುಮಾದಕ. ಇನ್ನೊಂದನ್ನು ಒತ್ತಿದರೆ ಬಾಗಿಲು ತೆರೆದು ಇನ್ನೊಂದು ಇಲಿಯ ಸಂಗ. ಮಾದಕಕ್ಕೆ ಚೆನ್ನಾಗಿ ಅಂಟಿಕೊಂಡಿದ್ದ ಇಲಿಗಳೂ ಬಾಗಿಲನ್ನೇ ಆರಿಸಿಕೊಂಡವು. ಇದು ಎಲ್ಲರೂ ಖುಷಿಯಿಂದ ಹೇಳುವ ಭಾಗ. ನನಗೆ ಮುಂದಿನ ಭಾಗ ಇನ್ನೂ ಮುಖ್ಯ. ಬಾಗಿಲು ತೆರೆಯುವುದನ್ನು ತಡಮಾಡಿದಾಗ, ಬಾಗಿಲಿನ ಕಡೆ ಹೋದರೆ ಶಿಕ್ಷೆ ಸಿಗುವಂತೆ ಮಾಡಿದಾಗ, ಇಲಿಗಳು ಮಾದಕದ ಕಡೆ ತಿರುಗಿದವು. ಇಲಿಯಿಂದ ಮನುಷ್ಯನಿಗೆ ನೇರ ಹಾರಿಬಿಡುವುದು ತಪ್ಪು, ಮದ್ಯದ ಮಾತೂ ಬೇರೆ. ಆದರೂ, ಎರಡು ಬಸ್ಸು ಬದಲಿಸಿ ಹೋಗಬೇಕಾದ ಸಭೆ ತಡವಾಗುವ ಬಾಗಿಲಲ್ಲವೇ? ನಾನು ಮಾವನಿಗೆ ಆಡಿದ ಆ ಮಾತು ಶಿಕ್ಷೆಯಲ್ಲವೇ?

ಇನ್ನೊಂದು ಕಾರಣವನ್ನು ಬಿಲ್ ವಿಲ್ಸನ್ ಹೋಟೆಲಿನ ಹಜಾರದಲ್ಲೇ ಕಂಡಿದ್ದ. ಸಹಾಯ ಮಾಡಿದವನು ತಾನು ಉಳಿಯುತ್ತಾನೆ. 1965ರಲ್ಲಿ ಫ್ರಾಂಕ್ ರೀಸ್‌ಮನ್ ಇದಕ್ಕೊಂದು ಸಿದ್ಧಾಂತದ ರೂಪ ಕೊಟ್ಟರು. ಅಮೆರಿಕದಲ್ಲಿ 1,726 ಜನರ ಮೇಲೆ ನಡೆದ 'ಪ್ರಾಜೆಕ್ಟ್ ಮ್ಯಾಚ್' ಎಂಬ ದೊಡ್ಡ ಅಧ್ಯಯನದ ಮಾಹಿತಿಯನ್ನು ಮರಿಯಾ ಪಗಾನೊ ಮತ್ತು ಸಂಗಡಿಗರು 2004ರಲ್ಲಿ ಮತ್ತೆ ಜಾಲಾಡಿದಾಗ, ಚಿಕಿತ್ಸೆಯ ಅವಧಿಯಲ್ಲಿ ಬೇರೆ ವ್ಯಸನಿಗಳಿಗೆ ನೆರವಾಗುತ್ತಿದ್ದವರಲ್ಲಿ ನೂರಕ್ಕೆ 40 ಜನ ಮುಂದಿನ ಒಂದು ವರ್ಷ ಕುಡಿದಿರಲಿಲ್ಲ, ನೆರವಾಗದಿದ್ದವರಲ್ಲಿ 22. ಹಳಬರು ಹೊಸಬರಿಗೆ ಸ್ಪಾನ್ಸರ್, ಅಂದರೆ ಕೈಹಿಡಿದು ನಡೆಸುವವರು, ಆಗಿ ನಿಲ್ಲುವುದು, ನಡುರಾತ್ರಿ ಫೋನು ಎತ್ತುವುದು ದಾನಧರ್ಮದ ಲೆಕ್ಕವಲ್ಲ, ಅವರ ದಿನದ ಗುಳಿಗೆ. ಹೊಸಬರಿಗೂ ಬೇಗ ಒಂದು ಸಣ್ಣ ಕೆಲಸ ಕೊಡುತ್ತಾರೆ: ಕುರ್ಚಿ ಹಾಕುವುದು, ಟೀ ತರುವುದು. ಮಾವನಿಗೆ ಸಿಕ್ಕಿದ್ದು ಕೋಣೆಯ ಬೀಗದ ಕೈ. ಇಪ್ಪತ್ತು ವರ್ಷದಲ್ಲಿ ಅವರನ್ನು ನಂಬಿ ಯಾರೂ ಏನನ್ನೂ ಕೈಗೆ ಕೊಟ್ಟಿರಲಿಲ್ಲ. ಆ ಬೀಗದ ಕೈಯನ್ನು ಅವರು ಜನಿವಾರಕ್ಕೆ ಕಟ್ಟಿಕೊಂಡಿದ್ದನ್ನು ನಾನು ಕಂಡಿದ್ದೇನೆ.

ಎಎ ಎಲ್ಲರಿಗೂ ಹೊಂದುವುದಿಲ್ಲ. ಅದರ ಹನ್ನೆರಡು ಮೆಟ್ಟಿಲುಗಳಲ್ಲಿ ತನಗಿಂತ ದೊಡ್ಡ ಶಕ್ತಿಯೊಂದಕ್ಕೆ ಶರಣಾಗುವ ಮಾತು ಬರುತ್ತದೆ. ಯಾವ ದೇವರೆಂದು ಹೇಳುವುದಿಲ್ಲ, ಸಭೆಯೇ ಆ ಶಕ್ತಿ ಎಂದುಕೊಳ್ಳುವವರೂ ಇದ್ದಾರೆ. ಅದೂ ಒಗ್ಗದವರಿಗೆ 1994ರಲ್ಲಿ ಅಮೆರಿಕದಲ್ಲಿ ಶುರುವಾದ 'ಸ್ಮಾರ್ಟ್ ರಿಕವರಿ'ಯಂಥ, ದೇವರ ಮಾತಿಲ್ಲದ ಗುಂಪುಗಳಿವೆ, ಆನ್‌ಲೈನಿನಲ್ಲೂ ಸಿಗುತ್ತವೆ. ನಮ್ಮ ಹಳ್ಳಿಗಳ ಕಡೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಎಷ್ಟೋ ಮನೆಗಳಿಗೆ ಪರಿಚಿತ. ಅಲ್ಲಿ ಭಜನೆ, ಯೋಗ, ಊಟ ಎಲ್ಲ ಒಟ್ಟಿಗೆ. ಊರಿನವರೇ ನಿಂತು ನಡೆಸುತ್ತಾರೆ. ಶಿಬಿರ ಮುಗಿದ ಮೇಲೆ ಬಿಟ್ಟವರು ನವಜೀವನ ಸಮಿತಿ ಎಂದು ಊರೂರಲ್ಲಿ ಸೇರುತ್ತಾರೆ. ನನ್ನ ಅಭಿಪ್ರಾಯದಲ್ಲಿ ಶಿಬಿರಕ್ಕಿಂತ ಆ ಸಮಿತಿಯೇ ಮುಖ್ಯ. ಶಿಬಿರದ ಎಂಟು ದಿನದ ಬಿಗಿ ಎಂಟು ವರ್ಷಕ್ಕೆ ಸಾಲುವುದಿಲ್ಲ, ವಾರಕ್ಕೊಮ್ಮೆ ಜಮಖಾನೆ ಹಾಸಿ ಒಟ್ಟಿಗೆ ಕೂರುವುದು ಸಾಲುತ್ತದೆ.

ಹೆಂಗಸರಿಗೆ ಗೇಟು ಇನ್ನೂ ಎತ್ತರ. ಕುಡಿಯುವ ಗಂಡಸನ್ನು ಅಯ್ಯೋ ಎನ್ನುವ ಊರು ಕುಡಿಯುವ ಹೆಂಗಸಿಗೆ ಬೇರೆಯದೇ ಹೆಸರಿಡುತ್ತದೆ. ಸುತ್ತಲೂ ಗಂಡಸರೇ ಕೂತ ಕೋಣೆಗೆ ಒಬ್ಬಳೇ ಹೋಗಿ ಬಾಯಿಬಿಡು ಎನ್ನುವುದು ಕ್ರೌರ್ಯ. ದೊಡ್ಡ ಊರುಗಳಲ್ಲಿ ಹೆಂಗಸರದ್ದೇ ಸಭೆಗಳಿವೆಯೇ ಎಂದು ಕೇಳಬೇಕು. 2020ರ ನಂತರ ಹೆಚ್ಚಿದ ಆನ್‌ಲೈನ್ ಸಭೆಗಳಲ್ಲಿ ಮುಖ ತೋರಿಸದೆಯೂ ಕೇಳಬಹುದು.

ಹುಡುಕುವುದು ಹೇಗೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು. ಮೊದಲು 14416ಕ್ಕೆ ಫೋನು ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ-ಮನಸ್, ದುಡ್ಡಿಲ್ಲದ ಸರ್ಕಾರಿ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಂಖ್ಯೆ 14446. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಸುತ್ತಮುತ್ತಲಿನ ಸಭೆಗಳು ಗೊತ್ತಿರುತ್ತವೆ. ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಎಂದು ಬೇರೆ ಬೇರೆ ಎಎ ಸಭೆಗಳು ನಡೆಯುತ್ತವೆ. ಅಳುವ ಭಾಷೆಯ ಸಭೆಯನ್ನೇ ಆರಿಸಿಕೊಳ್ಳಿ. ಒಂದು ಗುಂಪು ಹಿಡಿಸದಿದ್ದರೆ ಬಿಡಬೇಡಿ, ಬೇರೆ ಗುಂಪು ನೋಡಿ. ಒಂದೊಂದು ಕೋಣೆಯ ಹವೆಯೂ ಬೇರೆ. ಯಾರಾದರೂ ಫೀಸು ಕೇಳಿದರೆ, ಅಥವಾ ಡಾಕ್ಟರು ಬರೆದ ಮಾತ್ರೆ ನಿಲ್ಲಿಸಿ ಎಂದರೆ ಆ ಗುಂಪನ್ನು ಬಿಡಿ. ಔಷಧದ ವಿಷಯ ವೈದ್ಯರಿಗೇ ಬಿಡಬೇಕೆಂದು ಎಎ ತಾನೇ ಹೇಳುತ್ತದೆ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಹಪಾಹಪಿ ತಗ್ಗಿಸುವ ಮಾತ್ರೆಗಳೂ ಸಭೆಯೂ ಒಟ್ಟಿಗೆ ನಡೆಯಬಹುದು.

ಮನೆಯವರಿಗೂ ಒಂದು ಕೋಣೆಯಿದೆ. ಬಿಲ್ ವಿಲ್ಸನ್ನನ ಹೆಂಡತಿ ಲೋಯಿಸ್ 1951ರಲ್ಲಿ ಶುರುಮಾಡಿದ 'ಅಲ್-ಅನಾನ್' ಕುಡಿಯುವವರ ಹೆಂಡತಿ, ಗಂಡ, ತಾಯಿತಂದೆ, ಮಕ್ಕಳಿಗಾಗಿ. ಗಂಡಂದಿರು ಒಳಗೆ ಸಭೆಯಲ್ಲಿದ್ದಾಗ ಹೊರಗೆ ಕಾಯುತ್ತಿದ್ದ ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳತೊಡಗಿದ್ದು ಅದರ ಬೀಜ. ನಮ್ಮತ್ತೆ ಅಲ್ಲಿಗೆ ಹೋಗಲು ಒಪ್ಪಿದ್ದು ಮಾವ ಬಿಟ್ಟು ಒಂದು ವರ್ಷವಾದ ಮೇಲೆ. "ಕುಡಿದದ್ದು ಅವರು, ನಾನ್ಯಾಕೆ ಹೋಗ್ಲಿ?" ಎನ್ನುತ್ತಿದ್ದರು. ಹೋಗಿ ಬಂದ ರಾತ್ರಿ ಅವರು ಎಷ್ಟೋ ವರ್ಷದ ಮೇಲೆ ಬಾಗಿಲ ಕಡೆ ಕಿವಿಗೊಡದೆ ನಿದ್ದೆ ಮಾಡಿದರು.

ಮಾವ ಎರಡು ಸಲ ಜಾರಿದ್ದಾರೆ. ಎರಡನೆಯ ಸಲ ಜಾರಿದಾಗ ಸಭೆಗೆ ಹೋಗಲು ನಾಚಿಕೆಪಟ್ಟು ಮಲಗಿದ್ದರು. ಆರೂವರೆಗೆ ಅದೇ ಸ್ಕೂಟರು ಬಂತು. ಈಗ ಕುಡಿಯದೆ ನಾಲ್ಕು ವರ್ಷ. ಮಂಗಳವಾರ ಆರು ಗಂಟೆಗೇ ಹೋಗಿ ಕೋಣೆಯ ಬೀಗ ತೆಗೆದು, ಕುರ್ಚಿ ಹಾಕಿ, ಗೇಟಿನ ಪಕ್ಕದ ಹೊಂಗೆ ಮರದ ಕೆಳಗೆ ನಿಲ್ಲುತ್ತಾರೆ. ರಸ್ತೆಯ ಆ ಬದಿಯಲ್ಲಿ ಮೊಬೈಲು ನೋಡುವ ಹಾಗೆ ನಿಂತವರು, ಎರಡು ಸಲ ಗೇಟು ದಾಟಿ ಮುಂದೆ ಹೋಗಿ ವಾಪಸು ಬಂದವರು ಅವರಿಗೆ ಗೊತ್ತಾಗುತ್ತಾರಂತೆ. ಸಭೆಗೆ ಬಂದಿರಾ ಎಂದು ಕೇಳುವುದಿಲ್ಲ. ಕುರ್ಚಿ ಎತ್ತಿಡಬೇಕಿತ್ತು, ಒಂದು ಕೈ ಕೊಡ್ತೀರಾ ಎಂದು ಕೇಳುತ್ತಾರೆ.